ಬಿಪಿ ಇದ್ದವರ ಮಂಡಿನೋವಿಗೆ ನೋವಿನ ಮಾತ್ರೆಯಾ, ಗಿಡಮೂಲಿಕೆಯಾ?

ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಬೇಗ ಆರಾಮ ಕೊಡುತ್ತವೆ, ನಿಜ. ಆದರೆ ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ, ಮೈಯಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡುತ್ತವೆ. ಬಿಪಿ ಏರುತ್ತದೆ. ಬಿಪಿ ಮಾತ್ರೆಗಳಾದ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುವವರು ಈ ನೋವಿನ ಮಾತ್ರೆಯನ್ನೂ ಸೇರಿಸಿದರೆ ಕಿಡ್ನಿ ಇದ್ದಕ್ಕಿದ್ದಂತೆ ಕೈಕೊಡಬಹುದು. ವಾಂತಿ ಭೇದಿ ಆದಾಗಂತೂ ಅಪಾಯ ಜಾಸ್ತಿ.

ಹಾಗಂತ ಗಿಡಮೂಲಿಕೆಯೆಲ್ಲ ಸುರಕ್ಷಿತ ಅಲ್ಲ. ಜ್ಯೇಷ್ಠಮಧು ದಿನವೂ ತಿಂದರೆ ಪೊಟ್ಯಾಸಿಯಂ ಇಳಿದು ಬಿಪಿ ಏರಬಹುದು. ಈಶ್ವರಿ ಬೇರಿನಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನೇ ಹಾಳುಮಾಡುತ್ತದೆ. ಅದನ್ನು ಮುಟ್ಟಲೇಬೇಡಿ. ಅಡುಗೆಯ ಅರಿಶಿನ ಸರಿ, ಅರಿಶಿನದ ಕ್ಯಾಪ್ಸೂಲ್ ಬೇಕೆಂದರೆ ವೈದ್ಯರನ್ನು ಕೇಳಿ.

ನನ್ನನ್ನು ಕೇಳಿದರೆ, ಮೊದಲು ಪ್ಯಾರಾಸಿಟಮಾಲ್ ಅಥವಾ ಹಚ್ಚುವ ಜೆಲ್ ಆಗುತ್ತದಾ ಎಂದು ವೈದ್ಯರ ಹತ್ತಿರ ಮಾತಾಡಿ. ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸದೆ ನೋವಿನ ಮಾತ್ರೆಯನ್ನು ಸುಮ್ನೆ ವಾರಗಟ್ಟಲೆ ನುಂಗಬೇಡಿ.