ಮೂರು ಮಳೆಗಾಲ ಕಂಡ ಬಟ್ಟೆ ಟೇಪ್: ಕಾರವಾರದ ಉಪ್ಪುಗಾಳಿಯಲ್ಲಿ ಬೈಕ್ ವೈರಿಂಗ್

ಬಳಸಿದ್ದು: ವೈರಿಂಗ್ ಹಾರ್ನೆಸ್‌ಗೆ (ಗಾಡಿಯ ವೈರುಗಳ ಕಟ್ಟಿಗೆ) ಸುತ್ತುವ ಕಪ್ಪು ಪಾಲಿಯೆಸ್ಟರ್ ಬಟ್ಟೆ ಟೇಪ್, 19 ಮಿ.ಮೀ. ಅಗಲ, 25 ಮೀಟರ್ ಸುರುಳಿ
ಗಾಡಿ: ಕಾರ್ಬುರೇಟರ್ ಕಾಲದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಹಿಂಭಾಗ ಕತ್ತರಿಸಿ ಬಾಬರ್ (ಗಿಡ್ಡ ಮಡ್‌ಗಾರ್ಡಿನ ಬೈಕ್) ಮಾಡಿದ್ದು
ಅವಧಿ: ಮೂರು ಮಳೆಗಾಲ. ಹೆಚ್ಚಿನ ಓಟ ಕಾರವಾರ–ಅಂಕೋಲಾ ಹೆದ್ದಾರಿ, ಆಗಾಗ ದೇವಿಮನೆ ಘಾಟ್ ಹತ್ತಿ ಶಿರಸಿ
ಅಂಕ: 5ಕ್ಕೆ 4

ಈ ಟೇಪ್ ನೀರು ತಡೆಯುವುದಿಲ್ಲ. ತಡೆಯಲಿ ಎಂದು ಕೊಂಡವರಿಗೆ ಮೊದಲ ಜೂನ್‌ನಲ್ಲೇ ನಿರಾಸೆ ಕಾದಿದೆ. ಇದರ ಗುಣವೇ ಬೇರೆ: ಒಳಗೆ ಹೋದ ನೀರನ್ನು ಹೊರಗೆ ಬಿಡುತ್ತದೆ. ಕರಾವಳಿಯಲ್ಲಿ ಬೈಕ್ ಇಟ್ಟುಕೊಂಡವರಿಗೆ ಬೇಕಾದದ್ದು ಇದೇ, ಯಾಕೆಂದರೆ ಇಲ್ಲಿನ ಮಳೆಗೆ ಹಾರ್ನೆಸ್ ಒಳಗೆ ನೀರು ಹೋಗದಂತೆ ಮಾಡಲು ಯಾವ ಟೇಪಿಗೂ ಆಗದು.

ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುವ ಹೊಳೆಯುವ ಪಿವಿಸಿ ಇನ್ಸುಲೇಷನ್ ಟೇಪ್ ಮನೆಯ ವೈರಿಗೆ ಸರಿ. ಅದನ್ನೇ ಟ್ಯಾಂಕಿನ ಕೆಳಗೆ ಎಂಜಿನ್ ಕಾವಿನಲ್ಲಿ ಸುತ್ತಿದರೆ ಅಂಟು ಬೆಲ್ಲದ ಪಾಕದಂತೆ ಜಿನುಗುತ್ತದೆ, ಸುತ್ತುಗಳು ಜಾರುತ್ತವೆ, ತುದಿ ಏಳುತ್ತದೆ. ಎದ್ದ ತುದಿಯಿಂದ ನೀರು ಒಳಗೆ ಹೋಗುತ್ತದೆ, ಹೋದ ನೀರಿಗೆ ವಾಪಸ್ ಬರುವ ದಾರಿ ಇಲ್ಲ. ಆ ನೀರಿನ ಜೊತೆ ಕಡಲ ಉಪ್ಪೂ ಇರುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದು ಎಲ್ಲರೂ ನೋಡಿದ್ದೇ. ಗಾಳಿಯ ತೇವಾಂಶ ಶೇ. 75 ದಾಟಿತೆಂದರೆ ಉಪ್ಪು ತಾನಾಗಿಯೇ ನೀರು ಹೀರುತ್ತದೆ. ಹಾರ್ನೆಸ್ ಒಳಗೂ ಅದೇ ಕಥೆ. ಒಂದು ಸಲ ಉಪ್ಪು ಹೊಕ್ಕರೆ ಮಳೆ ನಿಂತ ಮೇಲೂ ಒಳಗೆ ಒಣಗುವುದಿಲ್ಲ, ಜಾಯಿಂಟ್ ಇದ್ದಲ್ಲೆಲ್ಲ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಮೂರು ಮಳೆಗಾಲದ ನಂತರ ಬಟ್ಟೆ ಟೇಪ್ ಬಿಚ್ಚಿ ನೋಡಿದಾಗ ಟ್ಯಾಂಕಿನ ಕೆಳಗಿನ ಕಟ್ಟಿನಲ್ಲಿ ವೈರಿನ ಬಣ್ಣ ಹೊಸದರಂತೆ ಇತ್ತು, ಅಂಟು ಕೈಗೆ ಮೆತ್ತಿಕೊಳ್ಳಲಿಲ್ಲ.

ಕೊಳ್ಳುವಾಗ ಎಡವುವ ಜಾಗ ಒಂದಿದೆ. ಹಾರ್ನೆಸ್ ಟೇಪ್ ಎಂದು ಕೇಳಿದರೆ ಎರಡು ಬಗೆ ಸಿಗುತ್ತದೆ. ಒಂದು ಕಂಬಳಿಯಂತೆ ನವಿರಾದ ಫ್ಲೀಸ್ ಟೇಪ್. ಇದು ಕಾರಿನ ಡ್ಯಾಶ್‌ಬೋರ್ಡ್ ಒಳಗೆ ವೈರಿನ ಖಡಖಡ ಸದ್ದು ಅಡಗಿಸಲು ಮಾಡಿದ್ದು. ಬೈಕಿಗೆ ಸುತ್ತಿದರೆ ಬತ್ತಿಯಂತೆ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ನೇಯ್ಗೆಯ ಎಳೆ ಕಣ್ಣಿಗೆ ಕಾಣುವ, ತೆಳ್ಳಗೆ ಗಡುಸಾದ ಪಾಲಿಯೆಸ್ಟರ್ ಬಟ್ಟೆ ಟೇಪ್. ನಮಗೆ ಬೇಕಾದದ್ದು ಇದು. ಜರ್ಮನ್ ಕಾರು ಕಂಪನಿಗಳ ಎಲ್‌ವಿ 312 ಎಂಬ ಮಾನಕದಲ್ಲಿ ಹಾರ್ನೆಸ್ ಟೇಪುಗಳಿಗೆ ಕಾವಿನ ದರ್ಜೆ ಕೊಟ್ಟಿದ್ದಾರೆ: ಟಿ2 ಅಂದರೆ 105 ಡಿಗ್ರಿ, ಟಿ3 ಅಂದರೆ 125, ಟಿ4 ಅಂದರೆ 150. ಏರ್-ಕೂಲ್ಡ್ ಎಂಜಿನ್ ಮೇಲೆ ಹಾಯುವ ಹಾರ್ನೆಸ್‌ಗೆ ಟಿ3ಕ್ಕಿಂತ ಕಡಿಮೆಯದು ಬೇಡ. ಬೆಲೆ ಪಿವಿಸಿ ಟೇಪಿನ ಹಲವು ಪಟ್ಟು. ಆದರೆ ಒಂದು ಬೈಕಿಗೆ ಒಂದೇ ಸುರುಳಿ ಸಾಕು.

ಎಷ್ಟು ಬೇಕೆಂಬ ಲೆಕ್ಕ ಹೀಗೆ. ಅರ್ಧಕ್ಕರ್ಧ ಒಂದರ ಮೇಲೊಂದು ಬರುವಂತೆ ಸುತ್ತಿದರೆ ಪ್ರತಿ ಸುತ್ತಿಗೆ ಟೇಪ್ 9.5 ಮಿ.ಮೀ. ಮುಂದೆ ಹೋಗುತ್ತದೆ, ಅಂದರೆ ಮೀಟರಿಗೆ 105 ಸುತ್ತು. 15 ಮಿ.ಮೀ. ದಪ್ಪದ ಮುಖ್ಯ ಕಟ್ಟಿಗೆ ಮೀಟರಿಗೆ 5 ಮೀಟರ್ ಟೇಪ್, 6 ಮಿ.ಮೀ. ಕವಲಿಗೆ ಸುಮಾರು ಎರಡೂಕಾಲು ಮೀಟರ್. ಕ್ಲಾಸಿಕ್‌ನಂಥ ಗಾಡಿಯಲ್ಲಿ ಒಂದೂವರೆ ಮೀಟರ್ ಮುಖ್ಯ ಕಟ್ಟು, ಮೂರು ಮೀಟರ್ ಕವಲು ಎಂದಿಟ್ಟುಕೊಂಡರೆ 14–15 ಮೀಟರ್ ಆಯಿತು. ಉಳಿದದ್ದು ತಪ್ಪಿ ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುವುದಕ್ಕೆ, ಅದು ಆಗಿಯೇ ಆಗುತ್ತದೆ.

ಸುತ್ತುವ ದಿಕ್ಕು ಮುಖ್ಯ. ಹೆಂಚು ಹೊದಿಸುವವರು ಸೂರಿನಿಂದ ಶುರು ಮಾಡಿ ಮೇಲಕ್ಕೆ ಹೋಗುವಂತೆ ಟೇಪನ್ನೂ ಕೆಳತುದಿಯಿಂದ ಮೇಲಕ್ಕೆ ಸುತ್ತಬೇಕು. ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂರುತ್ತದೆ, ಇಳಿಯುವ ನೀರು ಅಂಚಿಗೆ ಸಿಕ್ಕಿ ನಿಲ್ಲುವುದಿಲ್ಲ. ಎಳೆದು ಬಿಗಿಯಾಗಿ ಸುತ್ತಬಾರದು. ಬಿಗಿದ ಕಟ್ಟು ಬೆತ್ತದಂತಾಗುತ್ತದೆ. ಬಾಗಿಸಿದಾಗ ಒಳಗಿನ ವೈರುಗಳಿಗೆ ಜಾರಿಕೊಳ್ಳಲು ಜಾಗವಿಲ್ಲದೆ ಹೊರ ಬದಿಯ ವೈರ್ ಎಳೆತಕ್ಕೆ ಸಿಗುತ್ತದೆ. ಬಾಗು ಎಲ್ಲಿ ಬಂದರೂ ಅದರ ತ್ರಿಜ್ಯ ಕಟ್ಟಿನ ದಪ್ಪದ ನಾಲ್ಕೈದು ಪಟ್ಟು ಇರಲಿ.

ಈ ಟೇಪಿನ ದೊಡ್ಡ ದೋಷ ತುದಿಗಳದ್ದು. ಎಷ್ಟೇ ಒತ್ತಿ ಅಂಟಿಸಿದರೂ ಎರಡನೇ ಮಳೆಗಾಲದಲ್ಲಿ ತುದಿ ಎದ್ದು ನಾರು ಬಿಡುತ್ತದೆ. ಪರಿಹಾರವಿದೆ: ಪ್ರತಿ ತುದಿಗೂ ಕವಲಿನ ಬುಡಕ್ಕೂ ಒಳಗೆ ಅಂಟು ಇರುವ 3:1 ಹೀಟ್ ಶ್ರಿಂಕ್ ಸ್ಲೀವ್ (ಕಾಯಿಸಿದರೆ ಮೂರನೇ ಒಂದರಷ್ಟು ಅಗಲಕ್ಕೆ ಕುಗ್ಗುವ ಕೊಳವೆ), 25 ಮಿ.ಮೀ. ತುಂಡು. ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಹಾಕುವ ಮೊದಲೇ ತೂರಿಸಿಕೊಳ್ಳಬೇಕು, ಆಮೇಲೆ ತೂರದು. ಹೀಟ್ ಗನ್ ಇಲ್ಲದೆ ಲೈಟರಿನಲ್ಲಿ ಸುಡುವವರು ಸ್ಲೀವ್ ಜೊತೆ ಟೇಪನ್ನೂ ಕರಗಿಸುತ್ತಾರೆ.

ಟೇಪ್ ಸುತ್ತುವುದು ಕೊನೆಯ ಕೆಲಸ. ಅದಕ್ಕೆ ಮೊದಲು ವೈರುಗಳನ್ನು ಗಾಡಿಯ ಮೇಲೇ ಹರಡಿ, ಒಂದೊಂದು ಗೇಣಿಗೆ ಮಾಸ್ಕಿಂಗ್ ಟೇಪಿನ ಸಣ್ಣ ಪಟ್ಟಿ ಕಟ್ಟಿ, ಎಲ್ಲ ಲೈಟ್, ಹಾರ್ನ್, ಇಂಡಿಕೇಟರ್ ಹಾಕಿ ನೋಡಬೇಕು. 60/55 ವ್ಯಾಟಿನ ಎಚ್4 ಬಲ್ಬ್ ಸುಮಾರು 5 ಆಂಪಿಯರ್ ಎಳೆಯುತ್ತದೆ. ಅದಕ್ಕೆ 1 ಚ.ಮಿ.ಮೀ. ವೈರ್ ಸಾಕು, 1.5 ಹಾಕಿದರೆ ನೆಮ್ಮದಿ. 10 ವ್ಯಾಟಿನ ಇಂಡಿಕೇಟರಿಗೆ 0.5 ಸಾಕು. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ಆರಿಸಲು ಸ್ವಿಚ್ಚೇ ಇಲ್ಲ, ಹಾಗಾಗಿ ಆ ಲೈನಿಗೆ ಬಿಡುವೂ ಇಲ್ಲ. ಹೆಡ್‌ಲೈಟ್ ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಬಲ್ಬಿನ ಪ್ಲಸ್ ಪಿನ್ನಿಗೆ ಹಿಡಿಯಿರಿ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಹಾಕಿದ ಲೈನಿನಲ್ಲಿ 0.3 ವೋಲ್ಟಿನೊಳಗೆ ತೋರಿಸಬೇಕು. 0.5 ದಾಟಿದರೆ ಎಲ್ಲೋ ಒಂದು ಪಿನ್ ಸಡಿಲ ಅಥವಾ ಕಿಲುಬು. ಅದನ್ನು ಟೇಪಿನೊಳಗೆ ಮುಚ್ಚಿಟ್ಟರೆ ಮಳೆಗಾಲದ ರಾತ್ರಿ ಘಾಟಿನಲ್ಲಿ ಹುಡುಕಬೇಕಾಗುತ್ತದೆ.

ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಇರುವ ಕುತ್ತಿಗೆಯ ಜಾಗಕ್ಕೆ ಈ ಟೇಪ್ ಬೇಡ. ಹಾರ್ನೆಸ್‌ನಲ್ಲಿ ವೈರ್ ಮೊದಲು ಮುರಿಯುವುದು ಅಲ್ಲೇ, ಅದೂ ಇನ್ಸುಲೇಷನ್ ಒಳಗೆ, ಹೊರಗೆ ಏನೂ ಕಾಣದಂತೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಇಂಡಿಕೇಟರ್ ಉರಿಯುತ್ತದೆ, ಬಲಕ್ಕೆ ತಿರುಗಿಸಿದರೆ ಇಲ್ಲ ಎಂದರೆ ಹುಡುಕಬೇಕಾದ ಜಾಗ ಅದು. ಅಲ್ಲಿ ವೈರುಗಳು ಒಂದರ ಪಕ್ಕ ಒಂದು ಜಾರುವಂತಿರಬೇಕು, ಅಂಟು ತಗುಲಲೇಬಾರದು. ಕಟ್ಟನ್ನು ಹಗ್ಗದಂತೆ ಸಡಿಲವಾಗಿ ಹೊಸೆದು, ಮೆತ್ತನೆಯ ಪಿವಿಸಿ ಸ್ಲೀವ್ ಅಥವಾ ಹೆಣೆದ ಸ್ಲೀವ್ ಒಳಗೆ ಬಿಟ್ಟು, ಟೇಪನ್ನು ಕುತ್ತಿಗೆಗೆ 5 ಸೆ.ಮೀ. ಮೊದಲೇ ನಿಲ್ಲಿಸಬೇಕು. ಫ್ರೇಮಿನ ಮೇಲೆ ಒಂದು ಹಿಡಿತ, ಹ್ಯಾಂಡಲ್ ಜೊತೆ ತಿರುಗುವ ಭಾಗದ ಮೇಲೆ ಇನ್ನೊಂದು, ನಡುವಿನದು ಸ್ವತಂತ್ರ. ಹ್ಯಾಂಡಲನ್ನು ಎರಡೂ ಬದಿಗೆ ಲಾಕ್ ಆಗುವವರೆಗೆ ತಿರುಗಿಸಿ, ಕಟ್ಟು ಎಲ್ಲೂ ಬಿಗಿಯದೆ, ಸ್ಟಾಪರಿನ ನಡುವೆ ಸಿಗದೆ ಇದ್ದರೆ ಸರಿ. ಉದ್ದ ಹ್ಯಾಂಡಲ್ ಹಾಕಿದ ಗಾಡಿಗಳಲ್ಲಿ ಹಳೆಯ ಹಾರ್ನೆಸ್ ಸಾಲದೆ ನಡುವೆ ವೈರ್ ಸೇರಿಸುತ್ತಾರೆ. ಆ ಜಾಯಿಂಟ್ ಕುತ್ತಿಗೆಯಲ್ಲಿ ಬರಬಾರದು. ಸೋಲ್ಡರ್ ಜಾಯಿಂಟ್ ಅಂತೂ ಖಂಡಿತ ಬೇಡ: ಕರಗಿದ ಸೋಲ್ಡರ್ ಎಳೆಗಳೊಳಗೆ ಹರಿದು ವೈರನ್ನು ಕಡ್ಡಿಯಂತೆ ಮಾಡುತ್ತದೆ, ಅದು ನಿಂತ ಗೆರೆಯಲ್ಲೇ ಅದುರುವಿಕೆಗೆ ವೈರ್ ತುಂಡಾಗುತ್ತದೆ. ಸರಿಯಾದ ಅಚ್ಚಿನ ಇಕ್ಕಳದಲ್ಲಿ ಒತ್ತಿದ ಕ್ರಿಂಪ್ (ಲೋಹದ ತೊಟ್ಟು ಹಿಸುಕಿ ಮಾಡಿದ ಜಾಯಿಂಟ್) ಸಾಕು.

ಇನ್ನೊಂದು ಸೋಲು ಹಿಂದಿನ ಮಡ್‌ಗಾರ್ಡ್ ಕೆಳಗೆ. ಬಾಬರಿನ ಗಿಡ್ಡ ಮಡ್‌ಗಾರ್ಡ್ ಒಳಗೆ ಟೇಲ್ ಲೈಟ್ ವೈರಿಗೆ ಸುತ್ತಿದ ಟೇಪ್ ಒಂದೇ ಮಳೆಗಾಲಕ್ಕೆ ಹಣ್ಣಾಯಿತು. ಟೈರ್ ಎರಚುವ ಜಲ್ಲಿಪುಡಿ, ಶಿರಸಿ ಕಡೆಯ ಕೆಂಪು ಮಣ್ಣು ಎರಡೂ ನೇಯ್ಗೆಯೊಳಗೆ ಕೂತು ಉಪ್ಪುಕಾಗದದಂತೆ ಉಜ್ಜುತ್ತವೆ. ಅಲ್ಲಿಗೆ ಸುಕ್ಕುಸುಕ್ಕಿನ ಕಾಂಡ್ಯುಯಿಟ್ ಪೈಪ್, ಇಲ್ಲವೇ ಪೂರ್ತಿ ಉದ್ದಕ್ಕೂ ಅಂಟಿನ ಹೀಟ್ ಶ್ರಿಂಕ್. ಚೈನ್ ಬಳಿಯೂ ಬೇಡ, ಎಣ್ಣೆ ಕುಡಿದ ಬಟ್ಟೆಯ ಅಂಟು ನಿಲ್ಲುವುದಿಲ್ಲ.

ಹಾರ್ನೆಸ್‌ನ ದಾರಿಯ ಬಗ್ಗೆ ಒಂದು ಖಡಕ್ ಅಭಿಪ್ರಾಯ. ವೈರ್ ಕಾಣಬಾರದೆಂದು ಫ್ರೇಮಿನ ಪೈಪಿಗೆ ತೂತು ಕೊರೆದು ಒಳಗೆ ತೂರಿಸುವ ಚಾಳಿ ಈಗ ಹೆಚ್ಚಾಗಿದೆ. ಫೋಟೋದಲ್ಲಿ ಚಂದ. ಕರಾವಳಿಯಲ್ಲಿ ಇದು ಬೇಡವೇ ಬೇಡ. ತೂತಿನಿಂದ ಹೋದ ನೀರು ಪೈಪಿನ ತಳದಲ್ಲಿ ನಿಂತು ಒಳಗಿಂದ ತುಕ್ಕು ಹಿಡಿಸುತ್ತದೆ, ರಬ್ಬರ್ ಗ್ರಾಮೆಟ್ ಕಿತ್ತರೆ ತೂತಿನ ಅಂಚು ವೈರನ್ನು ಕೊಯ್ಯುತ್ತದೆ, ಫ್ರೇಮಿನ ಬಲವೂ ಕಡಿಮೆ. ಟ್ಯಾಂಕಿನ ಕೆಳಗಿನ ಮೇಲ್ಪೈಪಿನ ಪಕ್ಕಕ್ಕೆ ಕಟ್ಟಿದರೆ ಹೇಗೂ ಕಾಣುವುದಿಲ್ಲ. ಪೈಪಿನ ನೆತ್ತಿಯ ಮೇಲೆ ಮಾತ್ರ ಕಟ್ಟಬೇಡಿ, ಟ್ಯಾಂಕ್ ಕೂತು ಜಜ್ಜುತ್ತದೆ. ಇಗ್ನಿಷನ್ನಿನ ಪಿಕಪ್ ಕಾಯಿಲ್ (ಕಿಡಿಯ ಸಮಯ ತಿಳಿಸುವ ಸೆನ್ಸರ್) ವೈರ್ ಪ್ಲಗ್ಗಿನ ಎಚ್‌ಟಿ (ಹೈ ಟೆನ್ಷನ್) ವೈರಿನ ಪಕ್ಕ ಹೋಗದಿರಲಿ.

ಕೇಬಲ್ ಟೈ ಕಪ್ಪನೆಯದೇ ಇರಲಿ. ಬಿಳಿಯದು ಬಿಸಿಲಿಗೆ ಪುಡಿಯಾಗುತ್ತದೆ. ಟೈ ಕೆಳಗೆ ಹಳೆ ಟ್ಯೂಬಿನ ರಬ್ಬರ್ ಪಟ್ಟಿ ಇಟ್ಟರೆ ಪೇಂಟ್ ಉಳಿಯುತ್ತದೆ. ಎಳೆದ ಮೇಲೂ ಕಟ್ಟು ಬೆರಳಲ್ಲಿ ಸ್ವಲ್ಪ ತಿರುಗಬೇಕು. ಲೋಹದ ಕ್ಲಿಪ್ ಬೇಕೆಂದರೆ ರಬ್ಬರ್ ಹೊದಿಕೆಯ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. 304 ಕೂಡ ಕಡಲ ಬದಿಯಲ್ಲಿ ಚಹಾದ ಕಲೆಯಂತೆ ಕಂದಾಗುತ್ತದೆ.

ಕಪ್ಲರ್ ಒಳಗೆ ನೀರು ಹೋಗದಂತೆ ಟೇಪ್ ಸುತ್ತುವುದು ತಪ್ಪು. ಕಪ್ಲರನ್ನು ಬಾಯಿ ಕೆಳಗಾಗಿ ನಿಲ್ಲಿಸಿ, ಬರುವ ವೈರ್ ಅದಕ್ಕಿಂತ ತಗ್ಗಿಗೆ ಇಳಿದು ಮತ್ತೆ ಮೇಲೇರುವಂತೆ ಬಿಡಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಪಿನ್ನುಗಳಿಗೆ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ. ಈ ಗ್ರೀಸ್ ಕರೆಂಟ್ ಹರಿಸುವುದಿಲ್ಲ, ಪಿನ್ ಒತ್ತಿ ಕೂತಾಗ ನಡುವಿನಿಂದ ಸರಿದು ಸುತ್ತ ಮುಚ್ಚುತ್ತದೆ. ಇರುವೆಗಳೂ ಕಪ್ಲರ್ ಒಳಗೆ ಮನೆ ಮಾಡುವುದು ಕಡಿಮೆಯಾಗುತ್ತದೆ.

ಪೌಡರ್ ಕೋಟ್ ಮಾಡಿಸಿದ ಗಾಡಿಯಲ್ಲಿ ಅರ್ಥ್ ಬಗ್ಗೆ ಎಚ್ಚರ. ಆ ಬಣ್ಣ ಕರೆಂಟ್ ಹಾಯಿಸುವುದಿಲ್ಲ. ಬೋಲ್ಟ್ ಕೂರುವ ಜಾಗವನ್ನು ಬರಿ ಕಬ್ಬಿಣಕ್ಕೆ ಕೆರೆದು, ನಕ್ಷತ್ರದ ಹಲ್ಲಿನ ವಾಷರ್ ಇಟ್ಟು, ರಿಂಗ್ ಲಗ್ (ವೈರಿನ ತುದಿಯ ಲೋಹದ ಬಳೆ) ಬಿಗಿದು, ಮೇಲೆ ಗ್ರೀಸ್ ಬಳಿಯಬೇಕು. ಅದಕ್ಕಿಂತ ಒಳ್ಳೆಯದು ಫ್ರೇಮನ್ನು ನಂಬದೆ ಬ್ಯಾಟರಿ ಮೈನಸ್‌ನಿಂದ ಹೆಡ್‌ಲೈಟ್‌ವರೆಗೆ 2.5 ಚ.ಮಿ.ಮೀ. ಅರ್ಥ್ ವೈರನ್ನೇ ಹಾರ್ನೆಸ್ ಒಳಗೆ ಎಳೆಯುವುದು. ತವರ ಲೇಪಿಸಿದ ತಾಮ್ರದ ವೈರ್ ಸಿಕ್ಕರೆ ಅದನ್ನೇ ಹಾಕಿ, ಕಿಲುಬು ತಡವಾಗುತ್ತದೆ. ಮುಖ್ಯ ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಅಲ್ಲಿಯವರೆಗಿನ ವೈರಿಗೆ ಬೇರೆ ರಕ್ಷಣೆ ಇಲ್ಲ.

ಇಲಿಗೆ ಈ ಟೇಪ್ ಏನೂ ಅಲ್ಲ. ಶಿರಸಿ, ಸಿದ್ದಾಪುರ ಕಡೆ ತೋಟದ ಮನೆಯ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಸೀಟಿನ ಕೆಳಗಿನ ಭಾಗಕ್ಕಾದರೂ ಸ್ಟೀಲ್ ತಂತಿಯ ಹೆಣೆದ ಸ್ಲೀವ್ ಹಾಕಿಕೊಳ್ಳಬೇಕು. ತಂತಿಯ ತುದಿ ವೈರಿಗೆ ಚುಚ್ಚದಂತೆ ಅಲ್ಲಿಗೂ ಹೀಟ್ ಶ್ರಿಂಕ್.

ಫ್ಯುಯೆಲ್ ಇಂಜೆಕ್ಷನ್ ಮತ್ತು ಎಬಿಎಸ್ ಇರುವ ಗಾಡಿಗೂ ಟೇಪ್ ಇದೇ ಆಗುತ್ತದೆ, ಆದರೆ ಸೆನ್ಸರ್ ವೈರುಗಳನ್ನು ಕತ್ತರಿಸಿ ಗಿಡ್ಡ ಮಾಡಲು ಹೋಗಬೇಡಿ. ಹೊಸೆದು ಬಂದ ಜೋಡಿ ಹೊಸೆದೇ ಇರಲಿ. ಉದ್ದ ಹೆಚ್ಚಾದರೆ ಸೀಟಿನ ಕೆಳಗೆ ಅಗಲವಾಗಿ ಮಡಚಿ ಕಟ್ಟಿದರೆ ಆಯಿತು.

ಬಿಚ್ಚುವಾಗ ಬ್ಲೇಡ್ ಉದ್ದಕ್ಕೆ ಎಳೆದರೆ ಒಂದೆರಡು ವೈರಾದರೂ ಗೀರುತ್ತದೆ. ಕೊನೆಯ ಸುತ್ತು ಹುಡುಕಿ ಹಿಮ್ಮುಖವಾಗಿ ಬಿಚ್ಚಬೇಕು. ಉಳಿದ ಅಂಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒರೆಸಿ. ಪೆಟ್ರೋಲ್ ಒರೆಸಿದರೆ ಕ್ರಮೇಣ ಇನ್ಸುಲೇಷನ್ ಗಡುಸಾಗಿ ಸೀಳುತ್ತದೆ. ಮತ್ತೆ ಸುತ್ತುವ ಮೊದಲು ಹೆಡ್‌ಲೈಟಿನಿಂದ ಸೀಟಿನವರೆಗೆ 0.75 ಚ.ಮಿ.ಮೀ.ನ ಎರಡು ಖಾಲಿ ವೈರ್ ಎಳೆದು, ಎರಡೂ ಕಡೆ ತುದಿ ಮುಚ್ಚಿ ಇಟ್ಟಿರಿ. ಮುಂದೆ ಫಾಗ್ ಲೈಟೋ ಮೊಬೈಲ್ ಚಾರ್ಜರೋ ಹಾಕುವಾಗ ಸುತ್ತಿದ ಟೇಪ್ ಬಿಚ್ಚಬೇಕಾಗುವುದಿಲ್ಲ.