ಬಿಜಾಪುರ ಬಿಸಲಾಗ ಪಿವಿಡಿಎಫ್ ಪತ್ರಾ ಹೆಂಗ ತಾಳೇತಿ

2018ರಾಗ ತಿಕೋಟಾ ಹತ್ರ ತೋಟದಾಗ ಒಣದ್ರಾಕ್ಷಿ ಇಡೋ ಗೋಡೌನ್ ಕಟ್ಟಿಸಿದ್ವಿ. ಮ್ಯಾಲಿನ ಮಾಡಿಗೆ ಪಿವಿಡಿಎಫ್ (ಫ್ಲೋರಿನ್ ಇರೋ ಒಂದು ನಮೂನಿ ಪ್ಲಾಸ್ಟಿಕ್) ಬಣ್ಣದ ಕೋಟಿಂಗಿನ ಪತ್ರಾ, ಸುತ್ತ ಗ್ವಾಡಿಗೆ ರೊಕ್ಕ ಉಳಸಾಕ ಸಾದಾ ಪಾಲಿಯೆಸ್ಟರ್ ಕೋಟಿಂಗಿಂದು, ಎರಡೂ ಕೆಂಪು. ಹಿಂಗಾಗಿ ಎರಡನ್ನೂ ಬಾಜೂಕ ಬಾಜೂಕ ನೋಡಾಕ ಸಿಕ್ಕೈತಿ.

ನಮ್ಮ ಕಡೆ ಬ್ಯಾಸಗಿ ಬಿಸಲು ನಿಮಗ ಗೊತ್ತೈತಲ್ರಿ, 40 ಡಿಗ್ರಿ ದಾಟೋದು ದೊಡ್ಡ ಸುದ್ದಿನ ಅಲ್ಲ. ಪಶ್ಚಿಮದ ಗ್ವಾಡಿ ಈಗ ಮಾಸಿ ಮಾಸಿ ತಿಳಿ ಗುಲಾಬಿ ಆಗೇತಿ, ಬೆರಳಿಂದ ಸವರಿದ್ರ ಸುಣ್ಣದಂಗ ಪುಡಿ ಹತ್ತತೈತಿ. ಇದಕ್ಕ ಚಾಕಿಂಗ್ ಅಂತಾರ, ಬಣ್ಣ ಹಿಡಕೊಂಡಿರೋ ರೆಸಿನ್ನು ಯುವಿ ಕಿರಣಕ್ಕ ಒಡದು ಪುಡಿ ಆಗೋದು. ಪಿವಿಡಿಎಫ್‌ನಾಗ ಕಾರ್ಬನ್-ಫ್ಲೋರಿನ್ ಬಂಧ ಭಾಳ ಗಟ್ಟಿ, ಯುವಿಗೆ ಹಂಗ ಲಗೂನ ಒಡೆಯೂದಿಲ್ಲ. ಬಿಸಲು ಮಾಡಿಗೇ ಜಾಸ್ತಿ ಬೀಳತೈತಿ, ಆದ್ರೂ ಅದರ ಕೆಂಪು ಹಂಗ ಐತಿ ನೋಡ್ರಿ, ನನಗ ಖರೇನ ಖುಷಿ ಆಗೇತಿ. ಅಂಗಡಿಯವ್ರು ಬರೇ ಪಿವಿಡಿಎಫ್ ಅಂದ್ರ ಒಪ್ಪಬ್ಯಾಡ್ರಿ, ರೆಸಿನ್‌ನಾಗ 70% ಪಿವಿಡಿಎಫ್ ಐತಿ ಅಂತ ಬರೆಸಿ ತಗೊಳ್ರಿ. ನಡುವಿನ ದರದಾಗ ಎಸ್‌ಎಂಪಿ, ಅಂದ್ರ ಸಿಲಿಕೋನ್ ಬೆರೆಸಿದ ಪಾಲಿಯೆಸ್ಟರ್ ಸಿಗತೈತಿ.

ಆದ್ರ ಎಲ್ಲಾರೂ ಬಣ್ಣ ನೋಡತಾರ, ಗೇಜ್ (ಪತ್ರಾದ ದಪ್ಪ) ಕೇಳತಾರ, ಜಂಗ ತಡಿಯೋ ಲೋಹದ ಪದರ ಯಾವುದು ಅಂತ ಯಾರೂ ಕೇಳೂದಿಲ್ಲ. ನಮ್ಮದು ಗ್ಯಾಲ್ವಲ್ಯೂಮ್, 55% ಅಲ್ಯೂಮಿನಿಯಂ, 1.6% ಸಿಲಿಕಾನ್, ಉಳಿದಿದ್ದು ಸತುವು. ಎಝಡ್150 ಅಂತ ಬರದಿದ್ರ ಆ ಪದರ ಎರಡೂ ಬದಿ ಕೂಡಿ ಚದರ ಮೀಟರಿಗೆ 150 ಗ್ರಾಂ ಅಂತ ಅರ್ಥ. ದನದ ಶೆಡ್ಡಿಗೆ ಮಾತ್ರ ಇದನ್ನ ಹಾಕಬ್ಯಾಡ್ರಿ, ಸಗಣಿ ಗಂಜಲದಿಂದ ಏಳೋ ಅಮೋನಿಯಾಕ್ಕ ಈ ಪದರ ಲಗೂನ ಕೆಡತೈತಿ, ನಾವು ಅಲ್ಲಿ ಸಿಮೆಂಟ್ ಶೀಟ್ ಹಾಕೇವಿ.

ಮತ್ತ ಪತ್ರಾ ಕತ್ತರಸಾಕ ಗ್ರೈಂಡರ್ ಹಚ್ಚಾಕ ಬಿಡಬ್ಯಾಡ್ರಿ. ಕಿಡಿ ಹಾರಿ ಬಣ್ಣದಾಗ ಕೂತಲ್ಲೆಲ್ಲಾ ಕಂದು ಚುಕ್ಕಿ ಬೀಳತಾವು, ಅಂಚಿನ ಕೋಟಿಂಗೂ ಸುಟ್ಟು ಹೋಗತೈತಿ. ಫಿಟ್ಟಿಂಗ್‌ಗೆ ಬಂದವ್ರು ನಮ್ಮ ಶಟರ್ ಮ್ಯಾಲಿನ ಪತ್ರಾ ಹಿಂಗ ಕೊಯ್ದಿದ್ರು, ಇಡೀ ಗೋಡೌನ್‌ದಾಗ ಜಂಗ ಬಂದಿದ್ದು ಅಲ್ಲಿ ಒಂದೇ ಕಡೆ. ಕತ್ತರಿ ಇಲ್ಲಾ ನಿಬ್ಲರ್ (ಪತ್ರಾ ಚೂರು ಚೂರು ಕಡದು ಕೊಯ್ಯೋ ಮಷಿನ್) ತರಸ್ರಿ, ಬಾಜೂಕ ನಿಂತು ಮಾಡಸ್ರಿ.

ಮಾಡಿಗೆ ಐದಕ್ಕ ಐದು ಕೊಡ್ತೀನಿ, ಗ್ವಾಡಿಗೆ ಮೂರು. ಮುಂದ ಪಶ್ಚಿಮದ ಗ್ವಾಡಿಗಷ್ಟ ಪಿವಿಡಿಎಫ್ ಹಾಕಸಬೇಕಂತ ಮಾಡೇವಿ, ಉತ್ತರದ ಕಡಿ ಬಿಸಲು ಕಡಿಮಿ, ಅಲ್ಲಿ ಪಾಲಿಯೆಸ್ಟರ್ ಇನ್ನೂ ಚೊಲೋನ ಐತಿ, ಅದನ್ನ ಮುಟ್ಟೂದಿಲ್ಲ.