ಜಿಂಕೆಯ ಕಿವಿ ಉಳಿಸಿಕೊಟ್ಟ ಕಟ್ಟಿನ ಅಂಗಡಿ

ತುಮಕೂರಿನ ಅಶೋಕ ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಫೋಟೊಗಳಿಗೆ ಕಟ್ಟು ಹಾಕುವುದರ ಜೊತೆಗೆ ಚಿತ್ರಗಳನ್ನು ದಪ್ಪ ಕಾಗದದ ಮೇಲೆ ಮುದ್ರಿಸಿಯೂ ಕೊಡುವ ಸಣ್ಣ ಅಂಗಡಿಯಿದೆ. ತಂಗಿಯ ವೀಣಾ ಪಾಠದ ಕೋಣೆಗೆಂದು, ಸಂಗೀತವನ್ನೇ ವಸ್ತುವಾಗಿಸಿಕೊಂಡ ನಾಲ್ಕು ವರ್ಣಚಿತ್ರಗಳ ಪ್ರತಿಗಳನ್ನು ಕಳೆದ ತಿಂಗಳು ಅಲ್ಲಿ ಮಾಡಿಸಿದೆ.

ಮೊದಲನೆಯದು, ರಾಗಗಳನ್ನು ವ್ಯಕ್ತಿಗಳಾಗಿ ಚಿತ್ರಿಸುವ ರಾಗಮಾಲಾ ಪರಂಪರೆಯ ತೋಡಿ ರಾಗಿಣಿ. ಕಾಡಿನ ನಡುವೆ ವೀಣೆ ಹಿಡಿದ ಹೆಣ್ಣೊಬ್ಬಳು ನಿಂತಿದ್ದಾಳೆ. ಜಿಂಕೆಗಳು ಮೇಯುವುದನ್ನು ಮರೆತು ಅವಳ ಬಳಿಗೆ ಬಂದಿವೆ. (ಉತ್ತರದ ಹಿಂದೂಸ್ತಾನಿ ಸಂಗೀತದ ಈ ತೋಡಿಯ ಸ್ವರಗಳೇ ಬೇರೆ, ನಮ್ಮ ಕರ್ನಾಟಕ ಸಂಗೀತದ ತೋಡಿಯ ಸ್ವರಗಳೇ ಬೇರೆ ಎಂದು ತಂಗಿ ಮಕ್ಕಳಿಗೆ ಈಗಾಗಲೇ ಹೇಳಿಕೊಟ್ಟಿದ್ದಾಳೆ.) ಅಂಗಡಿಯ ಯಜಮಾನರು ಸ್ಕೇಲು ಇಟ್ಟು ನೋಡಿ, "ರೆಡಿ ಅಳತೆಯ ಕಟ್ಟಿಗೆ ಕೂರಿಸಿದರೆ ಈ ಅಂಚು ಅರ್ಧ ಇಂಚು ಹೋಗುತ್ತೆ ಸಾರ್, ಜಿಂಕೆ ಕಿವಿ ಉಳಿಯೋದಿಲ್ಲ" ಎಂದರು. ನಾದವನ್ನು ಬಣ್ಣದಲ್ಲಿ ಬರೆಯಲಾಗದ ಕಲಾವಿದ ಅದನ್ನು ಇಟ್ಟಿರುವುದೇ ಆ ನಿಮಿರಿದ ಕಿವಿಯಲ್ಲಿ. ಅದು ಹೋದರೆ ಉಳಿಯುವುದು ವೀಣೆ ಹಿಡಿದ ಒಂದು ಬೊಂಬೆ ಮಾತ್ರ. ಅವರು ಹೊಸ ಪಟ್ಟಿ ಕೊಯ್ದು ಚಿತ್ರದ ಅಳತೆಗೇ ಕಟ್ಟು ಹಾಕಿದರು, ಅದಕ್ಕೆಂದು ಹೆಚ್ಚಿಗೆ ಹಣ ಕೇಳಲಿಲ್ಲ.

ಎರಡನೆಯದು ಡಚ್ ಕಲಾವಿದ ವರ್ಮೀರ್ 1660ರ ದಶಕದಲ್ಲಿ ಬರೆದ ಸಂಗೀತ ಪಾಠ. ನುಡಿಸುವವಳು ನಮಗೆ ಬೆನ್ನು ಮಾಡಿದ್ದಾಳೆ, ಮುಖ ಕಾಣುವುದು ಎದುರಿನ ಕನ್ನಡಿಯಲ್ಲಿ. ವಾದ್ಯದ ಮುಚ್ಚಳದ ಮೇಲೆ, ಸಂಗೀತವು ಸಂತೋಷಕ್ಕೆ ಸಂಗಾತಿ, ದುಃಖಕ್ಕೆ ಮದ್ದು ಎಂಬ ಅರ್ಥದ ಲ್ಯಾಟಿನ್ ಸಾಲಿದೆ. ಮುದ್ರಣದಲ್ಲಿ ಆ ಅಕ್ಷರಗಳನ್ನು ಹತ್ತಿರ ನಿಂತು ಓದಬಹುದು. ಇದಕ್ಕಿಂತ ದೊಡ್ಡ ಪರೀಕ್ಷೆ ಅಂಗಡಿಗೆ ಬೇಕಿರಲಿಲ್ಲ.

ಪಿಕಾಸೊ 1903–04ರಲ್ಲಿ ಬರೆದ ಮುದಿ ಗಿಟಾರ್ ವಾದಕನ ಚಿತ್ರದಲ್ಲಿ ಮೈ, ಬಟ್ಟೆ, ಗೋಡೆ ಎಲ್ಲವೂ ನೀಲಿ, ಗಿಟಾರ್ ಒಂದೇ ಕಂದು. ಆ ಕಂದು ಇಲ್ಲಿ ಕಂದಾಗಿಯೇ ಉಳಿದಿದೆ.

ತೊಂದರೆಯಾದದ್ದು ರವಿವರ್ಮನ ಚಿತ್ರದಲ್ಲಿ. ಬೇರೆ ಬೇರೆ ಪ್ರಾಂತ್ಯಗಳ ಉಡುಗೆಯಲ್ಲಿ 11 ಮಹಿಳೆಯರು ಸೇರಿರುವ, 1889ರ 'ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್' ಮೈಸೂರು ಅರಮನೆಗಾಗಿ ಬರೆದ ಕೃತಿ. ಜಗನ್ಮೋಹನ ಅರಮನೆಯಲ್ಲಿ ಅದರ ಮುಂದೆ ಬಹಳ ಹೊತ್ತು ನಿಂತವನು ನಾನು. ನಾನು ಕೊಟ್ಟ ಫೈಲು ಚಿಕ್ಕದಿತ್ತು ನಿಜ, ಆದರೆ ಮುದ್ರಿಸುವ ಮೊದಲೇ ಅವರು ಹೇಳಬೇಕಿತ್ತು. ವೀಣೆಯ ತಂತಿಗಳು ಮಬ್ಬಿನಲ್ಲಿ ಕರಗಿಹೋಗಿ, ನುಡಿಸುವ ಬೆರಳುಗಳು ಬರಿಯ ಮರವನ್ನು ಸವರುತ್ತಿರುವಂತೆ ಕಂಡವು. ದೊಡ್ಡ ಫೈಲು ತಂದುಕೊಟ್ಟ ಮೇಲೆ ಅರ್ಧ ದರಕ್ಕೆ ಮತ್ತೆ ಮುದ್ರಿಸಿದರು, ಒಂದು ವಾರ ತಡವಾಯಿತು.

ನಾಲ್ಕಕ್ಕೂ ಸೇರಿ 5,200 ರೂಪಾಯಿ ಆಯಿತು. ಕಿಟಕಿಗೆ ಎದುರಾದ ಗೋಡೆಯಿದ್ದರೆ ಹೊಳಪಿಲ್ಲದ ಗಾಜನ್ನು ಮೊದಲೇ ಕೇಳಿ ಹಾಕಿಸಿಕೊಳ್ಳಿ. ಬೆಳಗಿನ ಪಾಠದ ಹೊತ್ತಿಗೆ ನಮ್ಮ ತೋಡಿ ಚಿತ್ರದ ಮೇಲೆ ಕಿಟಕಿಯ ಸರಳುಗಳೇ ಎದ್ದು ಕಾಣುತ್ತವೆ. ಅದರ ಗಾಜನ್ನು ಬದಲಿಸಿಕೊಡಲು ಯಜಮಾನರು ಒಪ್ಪಿದ್ದಾರೆ.